ಅಜ್ಜಿಯ ಬದುಕನ್ನು ಬರೆದಿಡುವುದು ಹೇಗೆ: ಟ್ರಂಕಿನಿಂದ ಪುಸ್ತಕದವರೆಗೆ

ಅಜ್ಜಿ ತೀರಿಕೊಂಡ ಮೇಲೆ "ಅವರ ಬಗ್ಗೆ ಏನಾದರೂ ಬರೆದಿಡಬೇಕು" ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಯಾರೋ ಒಬ್ಬರು ಲ್ಯಾಪ್‌ಟಾಪ್ ತೆಗೆದು ಕೂರುತ್ತಾರೆ. ಮೂರು ಪುಟ ಆಗುತ್ತದೆ. ಬೇಸಿಗೆ ರಜೆ, ಹಲಸಿನ ಹಪ್ಪಳ, ಬಚ್ಚಲಮನೆ ಹಂಡೆಯ ಬಿಸಿನೀರು, ಬಸ್ಸಿಗೆ ಹೊರಟಾಗ ಕೈಗೆ ತುರುಕಿದ ಹತ್ತು ರೂಪಾಯಿ. ಅಲ್ಲಿಗೆ ನಿಲ್ಲುತ್ತದೆ. ವರ್ಷದ ತಿಥಿ ಬಂದಾಗಲೂ ಅದೇ ಮೂರು ಪುಟ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಐದಾರು ಮನೆಗಳಲ್ಲಿ ಇದನ್ನು ನೋಡಿದ್ದೇನೆ, ನಮ್ಮ ಮನೆಯದ್ದೂ ಸೇರಿ. ಎಲ್ಲರೂ ಎಡವಿದ್ದು ಒಂದೇ ಕಡೆ. ಬರೆಯುವುದರಿಂದಲೇ ಶುರು ಮಾಡಿದ್ದರು. ನಿಮಗೆ ಅಜ್ಜಿ ಸಿಕ್ಕಿದ್ದೇ ಅಜ್ಜಿಯಾಗಿ. ಅಷ್ಟರಲ್ಲಿ ಅವರಿಗೆ ಐವತ್ತೈದೋ ಅರವತ್ತೋ ಆಗಿತ್ತು. ಅದಕ್ಕೂ ಮುಂಚಿನದು ನಿಮ್ಮ ನೆನಪಿನಲ್ಲಿ ಎಲ್ಲಿಂದ ಬರಬೇಕು? ಅದು ಅಟ್ಟದ ಸಾಮಾನಿನಲ್ಲಿದೆ, ಬೇರೆಯವರ ಬಾಯಲ್ಲಿದೆ. ಹಾಗಾಗಿ ಮೊದಲು ಸಾಮಾನು, ಆಮೇಲೆ ಜನ, ಆಮೇಲೆ ಇಸವಿ, ಕೊನೆಗೆ ಬರವಣಿಗೆ. ಈ ಕ್ರಮ ತಪ್ಪಿಸಬೇಡಿ.

ಮೊದಲೇ ಹೊಂದಿಸಿಕೊಳ್ಳಬೇಕಾದ್ದು

ಒಂದು ಫೋನು. 200 ಪುಟದ ಒಂದು ನೋಟ್‌ಬುಕ್. ಮೆತ್ತನೆ ಸೀಸದ ಪೆನ್ಸಿಲ್, ಯಾಕೆಂದರೆ ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಅಚ್ಚು ಮುಂದಕ್ಕೆ ಮೂಡುತ್ತದೆ. ಧೂಳು ಹೊಡೆಯಲು ಒಣ ಬ್ರಷ್, ಒಂದು ಕಪ್ಪು ಬಟ್ಟೆ, ಎರಡು ಪೆನ್‌ಡ್ರೈವ್. ಸಂವತ್ಸರಗಳ ಪಟ್ಟಿ ಇರುವ ಪಂಚಾಂಗ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ತಕ್ಕಡಿ ಯಾಕೆ ಅಂತ ಏಳನೇ ಹಂತದಲ್ಲಿ ಹೇಳುತ್ತೇನೆ.

ಸಮಯ ಪೂರ್ತಿ ಒಂದು ವರ್ಷ ಇಟ್ಟುಕೊಳ್ಳಿ. ಜನರನ್ನು ಮಾತಾಡಿಸುವ ಕೆಲಸ ಮಾತ್ರ ನವೆಂಬರ್‌ನಿಂದ ಮೇ ಒಳಗೆ ಮುಗಿಯಬೇಕು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಮಾಡಿದರೆ ಮಳೆಯೇ ಮಾತಾಡಿರುತ್ತದೆ. ನನ್ನ ಹತ್ತಿರ ಅಂಥ 40 ನಿಮಿಷದ ಒಂದು ರೆಕಾರ್ಡಿಂಗ್ ಇದೆ. ಅಜ್ಜಿಯದೇ. ಅಲ್ಲೊಂದು ಇಲ್ಲೊಂದು ಮಾತು ಕೇಳಿಸುತ್ತದೆ, ಅಷ್ಟೇ.

ಹಂತ 1: ಬಚ್ಚಲೊಲೆಯನ್ನು ಕಾಯಿರಿ

ಮಲೆನಾಡಿನ ಮನೆಗಳಲ್ಲಿ ಹಳೆಯ ಕಾಗದ ರದ್ದಿಗೆ ಹೋಗುವುದು ಕಮ್ಮಿ, ಬಚ್ಚಲೊಲೆಗೆ ಹೋಗುವುದು ಜಾಸ್ತಿ. ಸೂತಕ ಕಳೆದು ಮನೆ ತೊಳೆಯುವ ದಿನವೇ ಅಪಾಯದ ದಿನ. ನೆಂಟರಿಗೆಲ್ಲ ಸ್ನಾನಕ್ಕೆ ನೀರು ಕಾಯಬೇಕು, ಕೈಗೆ ಸಿಕ್ಕಿದ್ದು ಒಲೆಗೆ. ನಮ್ಮ ಚಿಕ್ಕಪ್ಪ "ಇದೆಲ್ಲ ಇಟ್ಕಂಡು ಎಂತ ಮಾಡದು, ಗೆದ್ದಲು ಬರ್ತದೆ" ಅಂತ ಎರಡು ಕಟ್ಟು ಕಾಗದ ಹಂಡೆ ಅಡಿಗೆ ಹಾಕಿಬಿಟ್ಟರು. ಅವರ ತಪ್ಪೇನಿಲ್ಲ. ಬೇಡ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಮೊದಲ ಕೆಲಸ ಹೇಳುವುದು. ಮನೆಯ ಪ್ರತಿಯೊಬ್ಬರಿಗೂ, ಕೆಲಸಕ್ಕೆ ಬರುವವರಿಗೂ ಹೇಳಿ: ಒಂದು ವರ್ಷ ಅಜ್ಜಿಯ ಯಾವ ಕಾಗದವನ್ನೂ ಸುಡಬೇಡಿ, ಯಾವ ಪಾತ್ರೆಯನ್ನೂ ಗುಜರಿಗೆ ಹಾಕಬೇಡಿ. ಸೀರೆ ಹಂಚುವುದು ಇದ್ದೇ ಇರುತ್ತದೆ, ತಡೆಯಲು ಹೋಗಬೇಡಿ. ಹಂಚುವ ಮೊದಲು ಒಂದೊಂದನ್ನೂ ಮಂಚದ ಮೇಲೆ ಹರಡಿ ಫೋಟೋ ತೆಗೆಯಿರಿ. ಯಾವ ಸೀರೆ ಯಾರ ಮದುವೆಯದ್ದು ಅಂತ ಅಲ್ಲಿ ನಿಂತವರೇ ಹೇಳುತ್ತಾರೆ. ಬರೆದುಕೊಳ್ಳಿ.

ಈಗ ಇನ್ನೊಂದು ಸೇರಿದೆ, ಅಜ್ಜಿಯ ಫೋನು. ಅದನ್ನು ಖಾಲಿ ಮಾಡಿ ಮೊಮ್ಮಗನಿಗೆ ಕೊಡುವ ಮೊದಲು ವಾಟ್ಸಾಪ್‌ನಲ್ಲಿರುವ ಧ್ವನಿ ಸಂದೇಶಗಳನ್ನು ತೆಗೆದಿಟ್ಟುಕೊಳ್ಳಿ. "ಊಟ ಆಯ್ತಾ" ಅನ್ನುವ ಎರಡು ಸೆಕೆಂಡಿನದ್ದೂ ಇರಲಿ.

ಹಂತ 2: ಟ್ರಂಕು ಇದ್ದ ಹಾಗೇ ಫೋಟೋ

ಟ್ರಂಕು ತೆರೆದ ಕೂಡಲೇ ಎಲ್ಲರೂ ಕೈ ಹಾಕುತ್ತಾರೆ. ಕೈ ಹಾಕುವ ಮುಂಚೆ ಮೇಲಿನಿಂದ ಒಂದು ಫೋಟೋ. ಒಂದು ಪದರ ತೆಗೆದ ಮೇಲೆ ಇನ್ನೊಂದು. ಯಾವುದರ ಜೊತೆ ಯಾವುದು ಇತ್ತು ಅನ್ನುವುದೂ ಒಂದು ಸುದ್ದಿ. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಸೊಸೈಟಿ ಪಾಸ್‌ಬುಕ್ಕಿನ ಒಳಗೆ ಒಂದು ಮಗುವಿನ ಕರಿಮಣಿ ಬಳೆ ಇತ್ತು. ಪಾಸ್‌ಬುಕ್ ಒಂದು ಕಡೆ, ಬಳೆ ಒಂದು ಕಡೆ ಎತ್ತಿಟ್ಟಿದ್ದರೆ ಆ ಬಳೆ ಯಾರದ್ದು ಅಂತ ಕೇಳುವ ಯೋಚನೆಯೇ ಬರುತ್ತಿರಲಿಲ್ಲ.

ಕಾಗದಗಳಲ್ಲಿ ಎರಡು ವಿಷಯ ಗಮನಿಸಿ. ಮೂಲೆಯಲ್ಲಿ ಅರಿಶಿನ ಕುಂಕುಮ ಇದ್ದರೆ ಶುಭ ಸುದ್ದಿ: ಮದುವೆ, ಉಪನಯನ, ಗೃಹಪ್ರವೇಶ. ಸಾವಿನ ಸುದ್ದಿಯ ಕಾಗದ ಹುಡುಕಬೇಡಿ, ಅದನ್ನು ಓದಿದ ಕೂಡಲೇ ಹರಿದು ಹಾಕುವುದು ರೂಢಿ. ಕಾರ್ಡಿನಲ್ಲಿ ತಾರೀಖು ಬರೆದಿರದಿದ್ದರೆ ಅಂಚೆಯ ಮೊಹರು ನೋಡಿ. ಮೊಹರು ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಎಷ್ಟೋ ಸಲ ಊರಿನ ಹೆಸರಾದರೂ ಸಿಗುತ್ತದೆ.

ಆಮೇಲೆ ಅಟ್ಟ ಹತ್ತಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಿಂದೆ ಮದುವೆಗೆ ಕೊಟ್ಟ ಹಿತ್ತಾಳೆ, ತಾಮ್ರದ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಿದ್ದರು. ಕೊಟ್ಟವರದ್ದು, ಇಲ್ಲವೇ ಮದುಮಗಳದ್ದು. ಕೊಡಪಾನ, ಚೊಂಬು, ಹರಿವಾಣ, ಕಡಾಯಿ ಎಲ್ಲವನ್ನೂ ತಿರುಗಿಸಿ ಕಂಠ ಮತ್ತು ತಳ ನೋಡಿ. ಹುಣಸೆಹುಳಿ ಹಾಕಿ ತಿಕ್ಕಬೇಡಿ. ಒಣಬಟ್ಟೆಯಲ್ಲಿ ಒರೆಸಿ, ಅಕ್ಷರದ ಮೇಲೆ ಸ್ವಲ್ಪ ಅಕ್ಕಿಹಿಟ್ಟು ಸವರಿ ಫೋಟೋ ತೆಗೆಯಿರಿ. ಚುಕ್ಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ.

ಹಂತ 3: ಗೋಡೆಯ ಫೋಟೋ, ಆಲ್ಬಮ್ಮು

ನಮ್ಮ ಕಡೆ ತೇವಕ್ಕೆ ಫೋಟೋ ಗಾಜಿಗೆ ಅಂಟಿರುತ್ತದೆ. ಚೌಕಟ್ಟು ಬಿಚ್ಚಿ ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಎಳೆಯಬೇಡಿ. ಗಾಜಿನ ಸಮೇತ ಫೋಟೋ ತೆಗೆಯಿರಿ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಜಗಲಿಯ ನೆರಳಿಗೆ ತಂದು ಗೋಡೆಗೆ ಒರಗಿಸಿ. ಫ್ಲಾಶ್ ಬೇಡ. ನಿಮ್ಮ ಹಿಂದೆ ಒಬ್ಬರು ಕಪ್ಪು ಬಟ್ಟೆ ಅಗಲಿಸಿ ಹಿಡಿಯಲಿ, ಆಗ ಗಾಜಿನಲ್ಲಿ ಅಂಗಳ ಕಾಣುವುದಿಲ್ಲ. ಅಂಟು ಹಾಳೆಯ ಆಲ್ಬಮ್ಮಿಗೂ ಇದೇ ನಿಯಮ. ಬಿಡಿ ಫೋಟೋ ಇದ್ದರೆ ಸ್ಕ್ಯಾನ್ ಮಾಡಿಸಿ. ಅಂಗೈ ಅಗಲದ ಸಣ್ಣ ಫೋಟೋಗಳಿಗೆ 600 ಡಿಪಿಐ ಅಂತ ಕೇಳಿ.

ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಒಣಗಿದ ದಿನ ನೆರಳಿನಲ್ಲಿ ಹರಡಿ, ಮೆತ್ತಗೆ ಬ್ರಷ್ ಆಡಿಸಿ. ಪುಡಿ ಉದುರುತ್ತಿದೆ, ಹಾಳೆಯಲ್ಲಿ ಬಳುಕು ಬಳುಕಾದ ತೂತು ಇದೆ ಅಂದರೆ ಹುಳ ಇನ್ನೂ ಒಳಗಿರಬಹುದು. ಆ ಕಟ್ಟನ್ನು ಬೇರೆಯದರ ಜೊತೆ ಇಡಬೇಡಿ. ಬೆಳ್ಳಿಯ ಹಾಗೆ ಹೊಳೆಯುವ ಹುಳ ಓಡಿದರೆ ಅದು ರಾಮಬಾಣ, ಕಾಗದವನ್ನೇ ತಿನ್ನುವುದು. ಲ್ಯಾಮಿನೇಷನ್ ಮಾತ್ರ ಯಾವತ್ತೂ ಬೇಡ. ಒಳಗಿನ ತೇವ ಒಳಗೇ ಉಳಿದು ಚಿತ್ರ ಕೊಳೆಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ.

ಇನ್ನೊಂದು. ಪೇಟೆಯ ಒಂದು ಸ್ಟುಡಿಯೋದಲ್ಲಿ ಅಜ್ಜಿಯ ಹರೆಯದ ಒಂದೇ ಒಂದು ಫೋಟೋವನ್ನು "ಕ್ಲೀನ್" ಮಾಡಿಸಲು ಕೊಟ್ಟಿದ್ದೆವು. ಬಂದಾಗ ಮುಖ ಬೆಳ್ಳಗಾಗಿತ್ತು. ಕೆನ್ನೆಯ ಮಚ್ಚೆ ಹೋಗಿತ್ತು, ಮೂಗುಬೊಟ್ಟೂ ಹೋಗಿತ್ತು. ಅಜ್ಜಿಯ ತಂಗಿ ನೋಡಿ "ಇದ್ಯಾರು?" ಅಂದರು. ಈಗ ಮುಖ ನಯ ಮಾಡುವ ಆ್ಯಪ್‌ಗಳೂ ಅದನ್ನೇ ಮಾಡುತ್ತವೆ. ತಿದ್ದಿಸುವುದಾದರೆ ತಿದ್ದಿಸಿ, ಮೂಲದ ಪ್ರತಿ ಹಾಗೇ ಬೇರೆ ಇರಲಿ.

ಹಂತ 4: ಯಾರ ಹತ್ತಿರ ಮೊದಲು

ಸಾಮಾನ್ಯವಾಗಿ ಅಪ್ಪ, ಅತ್ತೆ, ದೊಡ್ಡಪ್ಪ ಅಂತ ಹತ್ತಿರದವರಿಂದ ಶುರು ಮಾಡುತ್ತಾರೆ. ವಯಸ್ಸಿನ ಪ್ರಕಾರ ಶುರು ಮಾಡಿ. ಎಲ್ಲರಿಗಿಂತ ಹಿರಿಯರು ಮೊದಲು. ಈ ಮಳೆಗಾಲ ದಾಟುತ್ತಾರೋ ಇಲ್ಲವೋ ಅನ್ನುವ ಲೆಕ್ಕ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವುದೇ, ಅಲ್ವಾ?

ಪಟ್ಟಿಯಲ್ಲಿ ತವರಿನವರು ಇರಲೇಬೇಕು. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವರು ಅಜ್ಜಿಯ ತವರಿಗೆ ಹೋಗಿಯೇ ಇರಲಿಲ್ಲ. ಅಜ್ಜಿಯ ಮೊದಲ ಹದಿನಾರು ಹದಿನೆಂಟು ವರ್ಷ ಅಲ್ಲೇ ಇದೆ. ಅಲ್ಲಿಯ ಶಾಲೆಯ ದಾಖಲಾತಿ ಪುಸ್ತಕ, ದೇವಸ್ಥಾನದ ಹಳೇ ಚೀಟಿ, ಅಣ್ಣನ ಮಕ್ಕಳ ನೆನಪು ಎಲ್ಲ ಲೆಕ್ಕಕ್ಕೆ ಬರುತ್ತದೆ. ತವರು ಶಿರಸಿ ಸಿದ್ದಾಪುರದ ಕಡೆಯಾದರೆ 1956ರ ನವೆಂಬರ್ 1ರವರೆಗೆ ಅದು ಮುಂಬೈಗೆ ಸೇರಿತ್ತು, ಕುಂದಾಪುರದ ಕಡೆಯಾದರೆ ಮದ್ರಾಸಿಗೆ. ಹಳೆಯ ಕಾಗದದಲ್ಲಿ ಆ ಹೆಸರು ಕಂಡರೆ ಗಾಬರಿಯಾಗಬೇಡಿ.

ಮನೆಯ ಹೊರಗಿನವರು ಇನ್ನೂ ಮುಖ್ಯ. ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರು. ಗದ್ದೆ ನಟ್ಟಿಗೆ ಬಂದವರು. ಊರಿನ ಸೂಲಗಿತ್ತಿ. ಅಜ್ಜಿ ಸಾಲ ಹೇಳುತ್ತಿದ್ದ ಅಂಗಡಿಯವರು. ಮನೆಯವರು ಅಜ್ಜಿಯನ್ನು ಅಮ್ಮ, ಅತ್ತೆ ಅಂತ ನೋಡಿದ್ದಾರೆ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಎದುರು ಬದುರು ಕೂತವರು ಬೇರೆಯೇ ಅಜ್ಜಿಯನ್ನು ನೋಡಿದ್ದಾರೆ. ನಮ್ಮ ಅಜ್ಜಿ ಒಳ್ಳೆಯ ಅಣಕ ಮಾಡುತ್ತಿದ್ದರು, ಊರಿನ ಗಂಡಸರ ನಡಿಗೆಯನ್ನೆಲ್ಲ ನಡೆದು ತೋರಿಸುತ್ತಿದ್ದರು ಅನ್ನುವುದು ನಮಗೆ ಗೊತ್ತಾಗಿದ್ದು ಸುಲಿಯಲು ಬರುತ್ತಿದ್ದ ಒಬ್ಬ ಅಕ್ಕನಿಂದ. ಅಜ್ಜನಿಗೂ ಗೊತ್ತಿರಲಿಲ್ಲವಂತೆ.

ಹಂತ 5: ಕೂತು ಕೇಳುವುದು

ಇಲ್ಲೇ ಜಾಸ್ತಿ ಕೆಡುವುದು. ನಿಧಾನವಾಗಿ ಓದಿ.

ನಾನು ಚಿಕ್ಕಜ್ಜಿಯ, ಅಂದರೆ ಅಜ್ಜಿಯ ತಂಗಿಯ ಹತ್ತಿರ ಮೊದಲ ಸಲ ಕೂತಾಗ ಕೇಳಿದ್ದು, "ಅಜ್ಜಿ ಸಣ್ಣವಳಿದ್ದಾಗ ಹೇಗಿದ್ದಳು?" "ಎಂತ ಹೇಳದು ಮಾರಾಯ್ತಿ. ದೇವರಂಥ ಅಕ್ಕ" ಅಂದರು. ಅಷ್ಟೇ. ಕಣ್ಣೊರೆಸಿಕೊಂಡು ಕಾಫಿ ಮಾಡಲು ಎದ್ದು ಹೋದರು.

ಎರಡನೇ ಸಲ ಹೋಗುವಾಗ ಅಟ್ಟದಲ್ಲಿ ಸಿಕ್ಕಿದ ಹಿತ್ತಾಳೆ ಚೊಂಬು ತೆಗೆದುಕೊಂಡು ಹೋದೆ. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರು ಇತ್ತು. ನಮ್ಮ ಮನೆಯಲ್ಲಿ ಯಾರೂ ಕೇಳದ ಹೆಸರು. ಚಿಕ್ಕಜ್ಜಿ ಕನ್ನಡಕ ಹಾಕಿಕೊಳ್ಳಲಿಲ್ಲ. ಬೆರಳಲ್ಲೇ ಸವರಿ ನೋಡಿದರು. "ಇದು ಅಕ್ಕಂದೇ. ತವರಲ್ಲಿ ಇಟ್ಟ ಹೆಸರು. ನಿಮ್ಮನೆಗೆ ಬಂದ ದಿನ ಬದಲು ಮಾಡಿದ್ದು. ಮೂರು ದಿನ ಆ ಹೊಸ ಹೆಸರಿಗೆ ಅಕ್ಕ ಓ ಅನ್ನಲೇ ಇಲ್ವಂತೆ." ಆಮೇಲೆ ಒಂದೂವರೆ ಗಂಟೆ ನಾನು ಬಾಯಿ ತೆರೆಯಲಿಲ್ಲ.

ಹಾಗಾಗಿ ಬರಿಗೈಯಲ್ಲಿ ಹೋಗಬೇಡಿ. ಒಂದು ಸಾಮಾನೋ ಒಂದು ಫೋಟೋವೋ ಕೈಗೆ ಕೊಡಿ. "ಹೇಗಿದ್ದರು" ಅಂತ ಕೇಳಬೇಡಿ. ಕೆಲಸ ಕೇಳಿ, ದಾರಿ ಕೇಳಿ. ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತಿದ್ದರು? ನೀರು ಬಾವಿಯದ್ದೋ ಅಬ್ಬಿಯದ್ದೋ? ತವರಿಗೆ ಹೋಗುವಾಗ ಎಲ್ಲಿಯವರೆಗೆ ನಡಿಗೆ, ಎಲ್ಲಿ ಬಸ್ಸು? ಮಳೆಗಾಲದಲ್ಲಿ ಗದ್ದೆಗೆ ಗೊರಬು ಹಾಕಿದ್ದರೋ ಕಂಬಳಿಕೊಪ್ಪೆಯೋ? ಸಿಟ್ಟು ಬಂದರೆ ಏನು ಮಾಡುತ್ತಿದ್ದರು? ಈ ಕೊನೆಯದಕ್ಕೆ ಉತ್ತರ ಸಿಗದ ಮನೆ ಇಲ್ಲ. ನಮ್ಮಲ್ಲಿ "ಮಾತು ಬಿಟ್ಟು ಕೊಟ್ಟಿಗೆಯಲ್ಲೇ ಕೂರ್ತಿದ್ದಳು" ಅನ್ನುವುದು ಮೂವರಿಂದ ಬಂತು.

ಮಕ್ಕಳ ವಿಷಯ ಕೇಳುವಾಗ "ಎಷ್ಟು ಮಕ್ಕಳು" ಅಂದರೆ ಉಳಿದವರ ಲೆಕ್ಕ ಮಾತ್ರ ಬರುತ್ತದೆ. "ಎಷ್ಟು ಹೆರಿಗೆ ಆಗಿತ್ತು" ಅಂತ ಕೇಳಿ. ಹೆಂಗಸರು ಒಬ್ಬರೇ ಇದ್ದಾಗ ಕೇಳಿ. ಪಾಸ್‌ಬುಕ್ಕಿನ ಬಳೆಯ ವಿಷಯ ನನಗೆ ಗೊತ್ತಾಗಿದ್ದು ಹಾಗೆ. ಅದು ಒಂಬತ್ತು ತಿಂಗಳು ಬದುಕಿದ್ದ ಒಂದು ಹೆಣ್ಣುಮಗುವಿನದ್ದು.

ರೆಕಾರ್ಡಿಂಗ್ ಹೀಗೆ ಮಾಡಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಮಡಚಿದ ಟವೆಲಿನ ಮೇಲೆ ಮಾತಾಡುವವರಿಂದ ಒಂದು ಮೊಳ ದೂರ ಇಡಿ, ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟದ್ದೂ ಗುಡುಗಿದ ಹಾಗೆ ಕೇಳುತ್ತದೆ. ಫ್ಯಾನು, ಟಿವಿ ಬಂದ್. ಫ್ರಿಜ್ ಇರುವ ಕೋಣೆ ಬೇಡ. ಶುರುವಿನಲ್ಲಿ ಯಾರು, ಯಾವ ಊರು, ಯಾವ ತಾರೀಖು ಅಂತ ನೀವೇ ಹೇಳಿಬಿಡಿ. ರೆಕಾರ್ಡ್ ಆಗುತ್ತಿದೆ ಅಂತ ಅವರಿಗೆ ಹೇಳಿಯೇ ಶುರು ಮಾಡಬೇಕು, ಕದ್ದು ಬೇಡ. ಮಧ್ಯಾಹ್ನ ಊಟವಾದ ಮೇಲೆ, ಹೂಬತ್ತಿ ಹೊಸೆಯುತ್ತಲೋ ಸೊಪ್ಪು ಸೋಸುತ್ತಲೋ ಇದ್ದಾಗ ಮಾತು ಚೆನ್ನಾಗಿ ಬರುತ್ತದೆ. 45 ನಿಮಿಷ ಸಾಕು. ಸಂಜೆ ಧಾರಾವಾಹಿ ಹೊತ್ತಿಗೆ ಹೋಗಿ ಬೈಸಿಕೊಳ್ಳಬೇಡಿ.

ಕೆಡುತ್ತಿದೆ ಅನ್ನುವುದಕ್ಕೆ ಗುರುತುಗಳಿವೆ. ಪಕ್ಕದಲ್ಲಿ ಕೂತ ಗಂಡಸರು ಉತ್ತರ ಹೇಳುತ್ತಿದ್ದಾರೆ. "ಅದೆಲ್ಲ ಈಗ ಯಾಕೆ" ಎರಡು ಸಲ ಬಂದಿದೆ. ನಿಮ್ಮ ಪ್ರಶ್ನೆ ಅವರ ಉತ್ತರಕ್ಕಿಂತ ಉದ್ದ ಇದೆ. ಇವುಗಳಲ್ಲಿ ಯಾವುದಾದರೂ ಕಂಡರೆ ಫೋನ್ ಆಫ್ ಮಾಡಿ, ಕಾಫಿ ಕುಡಿದು ಎದ್ದು ಬನ್ನಿ. ಇನ್ನೊಂದು ದಿನ ಹೋಗಬಹುದು.

ಅದೇ ರಾತ್ರಿ ನೋಟ್‌ಬುಕ್‌ನಲ್ಲಿ ಅರ್ಧ ಪುಟ ಬರೆಯಿರಿ: ಏನು ಹೇಳಿದರು, ಎಲ್ಲಿ ತಡವರಿಸಿದರು, ಮುಂದಿನ ಸಲ ಏನು ಕೇಳಬೇಕು. ನಾಳೆ ಅಂದರೆ ಹೋಯಿತು. ರೆಕಾರ್ಡಿಂಗನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಎರಡು ಪೆನ್‌ಡ್ರೈವಿನಲ್ಲೂ ಹಾಕಿ, ಒಂದು ಬೇರೆ ಊರಿನ ಮನೆಯಲ್ಲಿರಲಿ.

ಅಜ್ಜಿ ಇನ್ನೂ ಇದ್ದಾರೆ ಅನ್ನುವವರು ಇದೇ ಹಂತವನ್ನು ಅವರ ಜೊತೆಗೇ ಮಾಡಿ, ಈ ವಾರವೇ. ಉಳಿದ ಹಂತಗಳು ಆಮೇಲಾದರೂ ನಡೆಯುತ್ತದೆ.

ಹಂತ 6: ಇಸವಿ ಹಿಡಿಯುವುದು

ಆಧಾರ್ ಕಾರ್ಡಿನ ತಾರೀಖನ್ನು ಹುಟ್ಟಿದ ದಿನ ಅಂತ ಬರೆಯಬೇಡಿ. ಆ ತಲೆಮಾರಿನ ಎಷ್ಟೋ ಜನರಿಗೆ ಅಲ್ಲಿ ಜನವರಿ 1 ಅಂತ ಇರುತ್ತದೆ. ಶಾಲೆಯ ತಾರೀಖೂ ಮೇಷ್ಟ್ರು ಅಂದಾಜಿಗೆ ಹಾಕಿದ್ದಿರಬಹುದು. ಜಾತಕ, ಲಗ್ನಪತ್ರಿಕೆ ಸಿಕ್ಕರೆ ಅದೇ ಗಟ್ಟಿ.

ಅವುಗಳಲ್ಲಿ ಸಂವತ್ಸರ ಇರುತ್ತದೆ. ಲೆಕ್ಕ ಸುಲಭ. 60 ಸಂವತ್ಸರದ ಪಟ್ಟಿಯಲ್ಲಿ ಅದು ಎಷ್ಟನೆಯದು ನೋಡಿ, 1926ಕ್ಕೆ ಕೂಡಿಸಿ. ಪ್ರಭವ ಮೊದಲನೆಯದು, ಅಂದರೆ 1927. ವಿಜಯ 27ನೆಯದು, ಅಂದರೆ 1953. ಆದರೆ ಸಂವತ್ಸರ ಯುಗಾದಿಗೆ ಶುರುವಾಗುತ್ತದೆ, ಹೊಸ ಇಸವಿ ಜನವರಿಗೆ. ಹಾಗಾಗಿ ಮಾಘ, ಫಾಲ್ಗುಣ ಮಾಸಗಳು ಮುಂದಿನ ಇಸವಿಗೆ ಬೀಳುತ್ತವೆ. ಪುಷ್ಯ ಎರಡೂ ಕಡೆ ಬೀಳಬಹುದು, ತಿಥಿ ನೋಡಿಕೊಳ್ಳಿ. ನಮ್ಮ ಅಜ್ಜಿಯ ಲಗ್ನಪತ್ರಿಕೆಯಲ್ಲಿ ವಿಜಯ ಸಂವತ್ಸರದ ಮಾಘ ಅಂತಿತ್ತು. ಮನೆಯವರು ಇಷ್ಟು ವರ್ಷ 1953 ಅಂತಲೇ ಹೇಳುತ್ತಿದ್ದರು. ಅದು 1954ರ ಫೆಬ್ರವರಿ ಹೊತ್ತು.

ಕಾಗದ ಇಲ್ಲದಿದ್ದರೆ ಊರಿಗೆಲ್ಲ ಗೊತ್ತಿರುವ ಘಟನೆಗೆ ಗಂಟು ಹಾಕಿ. "ಗಾಂಧಿ ಸತ್ತಾಗ ನೀನು ಎಷ್ಟು ದೊಡ್ಡವಳು?" ಅಂದರೆ 1948ರ ಜನವರಿ. ಸಾಗರದ ಕಡೆಯವರಿಗೆ 1951ರ ಕಾಗೋಡು ಸತ್ಯಾಗ್ರಹ. ಸೊರಬದವರಿಗೆ 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಣಿಸಿದ ಮಂಗನ ಕಾಯಿಲೆ. ಗೇಣಿ ಮಾಡುತ್ತಿದ್ದ ಮನೆಯಾದರೂ ಗೇಣಿ ಪಡೆಯುತ್ತಿದ್ದ ಮನೆಯಾದರೂ ಭೂಸುಧಾರಣೆಯಲ್ಲಿ ಗೇಣಿ ಜಮೀನಿಗೆ "ಡಿಕ್ಲರೇಷನ್ ಹಾಕಿದ ವರ್ಷ" ಮರೆತಿರುವುದಿಲ್ಲ, 1974ರಿಂದ ಈಚೆಗೆ. ಇಂದಿರಾ ಗಾಂಧಿ ಸತ್ತಿದ್ದು 1984ರ ಅಕ್ಟೋಬರ್ 31. ಇಸವಿ ಅಂದಾಜಾದ ಮೇಲೆ ತಿಂಗಳಿಗೆ ಮಳೆ ನಕ್ಷತ್ರ ಕೇಳಿ. ಆರಿದ್ರೆ ಮಳೆ ಅಂದರೆ ಜೂನ್ ಕೊನೆಯ ವಾರ, ಜುಲೈ ಮೊದಲ ವಾರ. ಇದು ವರ್ಷ ವರ್ಷ ಹೆಚ್ಚು ಬದಲಾಗುವುದಿಲ್ಲ.

ಮುಳುಗಡೆ, ಅಂದರೆ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದ ವಿಷಯದಲ್ಲಿ ಹುಷಾರು. ಮುಳುಗಡೆ ಅಂದ ಕೂಡಲೇ ಎಲ್ಲರೂ 1964, ಲಿಂಗನಮಕ್ಕಿ ಅಂತ ಬರೆದುಬಿಡುತ್ತಾರೆ. ಅದಕ್ಕೂ ಮೊದಲು, 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂದಿತ್ತು. ಆಗಲೂ ಊರು ಬಿಟ್ಟವರಿದ್ದಾರೆ. ಆ ಅಣೆಕಟ್ಟೇ ಆಮೇಲೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ತಲೆ ಎತ್ತುತ್ತದೆ. ಹೊಸನಗರದ ಕಡೆ ವಾರಾಹಿ, ಚಕ್ರಾ, ಸಾವೆಹಕ್ಲು ಅಂತ ಆಮೇಲೂ ಮುಳುಗಡೆ ಆಗಿದೆ. ಅಲ್ಲದೆ ಎಲ್ಲ ಊರೂ ಒಂದೇ ದಿನ ಖಾಲಿಯಾಗಲಿಲ್ಲ. "ಯಾವ ಮುಳುಗಡೆ? ನೀರು ಬರುವ ಮೊದಲೇ ಹೊರಟಿದ್ದಾ, ಬಂದ ಮೇಲಾ? ಗಾಡಿಯಲ್ಲೋ ಲಾರಿಯಲ್ಲೋ?" ಅಂತ ಬಿಡಿಸಿ ಕೇಳಿ.

ದುಡ್ಡಿನ ಲೆಕ್ಕವೂ ಮೋಸ ಮಾಡುತ್ತದೆ. ನಯಾಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ. ಹಾಗಂತ "ನಾಲ್ಕಾಣೆ ಕೊಟ್ಟೆ" ಅಂದರೆ ಅದು 1957ಕ್ಕೂ ಹಿಂದಿನದು ಅಂದುಕೊಳ್ಳಬೇಡಿ. 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಅನ್ನುವುದು ಎಷ್ಟೋ ವರ್ಷ ನಡೆಯಿತು. "ಮೂರಾಣೆ, ಆರು ಕಾಸು" ಅಂತ ಬಂದರೆ ಮಾತ್ರ ಹಳೆಯದು.

ಪಹಣಿ, ಮ್ಯುಟೇಷನ್ ನೋಡಬೇಕು ಅನಿಸಿದರೆ ಯಾಕೆ ಅಂತ ಮೊದಲೇ ಎಲ್ಲರಿಗೂ ಹೇಳಿ. ನಾನು ಸುಮ್ನೆ ಕೇಳಿದೆ. ದೊಡ್ಡಪ್ಪನ ಮುಖ ನೋಡಬೇಕಿತ್ತು. ಎರಡು ತಿಂಗಳು ಮಾತು ಸರಿ ಇರಲಿಲ್ಲ.

ಹಂತ 7: ಹಾಡು, ಅಡುಗೆ, ಹಸೆ

ಹಾಡನ್ನು ಬರೆಸಿಕೊಳ್ಳಬೇಡಿ, ಹಾಡಿಸಿಕೊಳ್ಳಿ. ಶೋಭಾನೆಯನ್ನೋ ಹಸೆ ಹಾಡನ್ನೋ ಹೇಳಿ ಬರೆಸಲು ಕೂತರೆ ಮೂರನೇ ಸಾಲಿಗೆ ಮರೆತುಹೋಗುತ್ತದೆ. ಹಾಡಲು ಬಿಟ್ಟರೆ ಬರುತ್ತದೆ. ಇಬ್ಬರನ್ನು ಕೂರಿಸಿ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತುತ್ತಾರೆ. ಅಜ್ಜಿ ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರೆ ಆ ಬುಟ್ಟಿಯನ್ನು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ಗೋಡೆಯ ಹಸೆ ಚಿತ್ತಾರ ಇದ್ದರೆ ಸುಣ್ಣ ಹೊಡೆಯುವ ಮೊದಲು.

ಈಗ ತಕ್ಕಡಿ. ಅಜ್ಜಿಯ ಅಡುಗೆ ಕಲಿತ ಸೊಸೆಯೋ ಮಗಳೋ ಇದ್ದೇ ಇರುತ್ತಾರೆ. ಅವರನ್ನು "ಎಷ್ಟು ಉಪ್ಪು" ಅಂತ ಕೇಳಿದರೆ "ಬೇಕಾದಷ್ಟು" ಅನ್ನುತ್ತಾರೆ. ನಮ್ಮ ಅತ್ತೆ ಉಪ್ಪಿನಕಾಯಿಯ ಎಳೆ ಮಾವು, ಅಪ್ಪೆಮಿಡಿ, ಉಪ್ಪಿಗೆ ಹಾಕುವಾಗ ನಾನು ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕೂತೆ. ಅವರು ಹರಳುಪ್ಪಿಗೆ ಕೈ ಹಾಕಿ ಎತ್ತಿದ ಪ್ರತಿ ಮುಷ್ಟಿಯನ್ನೂ ಜಾಡಿಗೆ ಹಾಕುವ ಮೊದಲು ತಟ್ಟೆಗೆ ಹಾಕಿಸಿದೆ. ಮೊದಮೊದಲು ನಕ್ಕರು. ಏಳು ಮುಷ್ಟಿ. ಏಳೂ ಹೆಚ್ಚುಕಮ್ಮಿ ಒಂದೇ ತೂಕ, ನಾಲ್ಕೈದು ಗ್ರಾಂ ಆಚೆ ಈಚೆ. ಆಮೇಲೆ ಅವರೇ ಬಗ್ಗಿ ನೋಡತೊಡಗಿದರು. ಸೇರು, ಪಾವು ಅಂತ ಬಂದರೂ ಅಷ್ಟೇ, ಆ ಮನೆಯ ಪಾವನ್ನೇ ತೆಗೆದು ತುಂಬಿಸಿ ತೂಗಿ.

ಕಾಲ ತಪ್ಪಿದರೆ ಒಂದು ವರ್ಷ ಹೋಯಿತು. ಮಿಡಿಗೆ ಬೇಸಿಗೆಯ ಶುರು, ಹಪ್ಪಳಕ್ಕೆ ಏಪ್ರಿಲ್ ಮೇ, ಕಳಲೆಗೂ (ಎಳೆ ಬಿದಿರು) ಪತ್ರೊಡೆಗೂ ಮಳೆಗಾಲ. ಕಳಲೆಯನ್ನು ಎಷ್ಟು ದಿನ ನೀರಲ್ಲಿ ಹಾಕಿ, ಎಷ್ಟು ಸಲ ನೀರು ಬದಲಿಸಿದರು ಅನ್ನುವುದನ್ನು ಬರೆಯಲು ಮರೆಯಬೇಡಿ. ನೆನೆಹಾಕದ ಕಳಲೆ ಮೈಗೆ ವಿಷ.

ಹಂತ 8: ಬರೆಯುವುದು

ಈಗ ಲ್ಯಾಪ್‌ಟಾಪ್ ತೆಗೆಯಿರಿ. ಹುಟ್ಟಿನಿಂದ ಶುರು ಮಾಡಬೇಕಿಲ್ಲ. ನನಗೆ ಸರಿಹೋಗಿದ್ದು ಒಂದು ಪೂರ್ತಿ ದಿನ ಬರೆಯುವುದು: ಮದುವೆಯಾಗಿ ಮೂರೋ ನಾಲ್ಕೋ ವರ್ಷ ಆದಾಗ, ಎದ್ದಲ್ಲಿಂದ ದೀಪ ಆರಿಸುವವರೆಗೆ. ಇದರಲ್ಲಿ ಗೊತ್ತಿಲ್ಲದ್ದು ಬೇಗ ಬಯಲಾಗುತ್ತದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಅಜ್ಜಿ ಏನು ಮಾಡುತ್ತಿದ್ದರು ಅಂತ ಗೊತ್ತಿಲ್ಲ ಅಂದರೆ ಐದನೇ ಹಂತಕ್ಕೆ ವಾಪಸ್ ಹೋಗಿ.

ಬರೆದದ್ದನ್ನು ಪ್ರಿಂಟ್ ತೆಗೆದು "ನಾನು", "ನನಗೆ" ಇರುವಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. ಪುಟ ಕೆಂಪಾಗಿದ್ದರೆ ಅದು ನಿಮ್ಮ ಬಾಲ್ಯದ ಕಥೆ. ಆಮೇಲೆ ಮಮತಾಮಯಿ, ತ್ಯಾಗಮಯಿ, ಅನ್ನಪೂರ್ಣೆ ಇಂಥವನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಏನು ಮಾಡಿದರು ಅಂತ ಬರೆಯಿರಿ. ನನ್ನ ಮೊದಲ ಕರಡಿನಲ್ಲಿ "ಅಜ್ಜಿ ಮಿತವ್ಯಯಕ್ಕೆ ಹೆಸರಾಗಿದ್ದರು" ಅಂತ ಇತ್ತು. ಈಗ ಇರುವುದು ಹೀಗೆ: "ಬೆಂಕಿಕಡ್ಡಿ ಉಳಿಸಲು ಅಜ್ಜಿ ಬೆಳಿಗ್ಗೆ ಕೆಳಗಿನ ಮನೆಯಿಂದ ಗರಟೆಯಲ್ಲಿ ಕೆಂಡ ತರುತ್ತಿದ್ದರು. ಮಳೆ ಇದ್ದರೆ ಗರಟೆಯನ್ನು ಸೆರಗಿನ ಮರೆಯಲ್ಲಿ ಹಿಡಿಯುತ್ತಿದ್ದರು. ಎರಡು ಸೀರೆಗೆ ತೂತು ಬಿದ್ದಿತ್ತು."

ಅಜ್ಜಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅವರು ಹೇಗೆ ಆಡುತ್ತಿದ್ದರೋ ಹಾಗೇ ಇರಲಿ. ಒಂದೇ ಘಟನೆಯನ್ನು ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ, ಯಾರು ಯಾವುದು ಹೇಳಿದರು ಅಂತ ಸೇರಿಸಿ. ನ್ಯಾಯ ತೀರ್ಮಾನ ನಿಮ್ಮ ಕೆಲಸವಲ್ಲ.

ಹಂತ 9: ಅಚ್ಚಿಗೆ ಮುಂಚೆ ಮನೆಯವರಿಗೆ

ಎರಡು ಪ್ರತಿ ತೆಗೆದು ಹಿರಿಯರಿಗೆ ಓದಿ ಹೇಳಿ. ಓದಲು ಕೊಟ್ಟರೆ "ಚೆನ್ನಾಗಿದೆ" ಅಂತ ವಾಪಸ್ ಬರುತ್ತದೆ. ಓದಿ ಹೇಳಿದರೆ ನಡುವೆ ತಡೆಯುತ್ತಾರೆ. ತಡೆಯಬೇಕು.

ಯಾರಾದರೂ "ಇದನ್ನ ಯಾಕೆ ಬರೆದೆ" ಅಂದರೆ ಒಂದು ಪ್ರಶ್ನೆ ಕೇಳಿ: ಇದು ಸುಳ್ಳಾ, ಅಥವಾ ಬೇಡವಾ? ಸುಳ್ಳಾದರೆ ತಿದ್ದಿ. ಬೇಡವಾದರೆ, ಅದು ಬದುಕಿರುವವರಿಗೆ ತಾಗುವ ವಿಷಯವಾದರೆ, ಅಚ್ಚಿನಿಂದ ತೆಗೆದು ನೋಟ್‌ಬುಕ್‌ನಲ್ಲಿ ಇಡಿ. ಪಾಲಿನ ಜಗಳ, ಎರಡನೇ ಮದುವೆ, ಮನೆ ಬಿಟ್ಟು ಹೋದವರು ಎಲ್ಲ ಇಲ್ಲೇ ಬರುತ್ತದೆ. ಒಂಬತ್ತು ತಿಂಗಳ ಆ ಮಗುವಿನ ವಿಷಯ ತೆಗೆಯಬೇಕಾಗುತ್ತದೇನೋ ಅಂದುಕೊಂಡಿದ್ದೆ. ಓದಿದಾಗ ಅಪ್ಪ ಏನೂ ಅನ್ನಲಿಲ್ಲ. ಮಾರನೇ ದಿನ ಬಂದು "ಅವಳ ಹೆಸರೂ ಹಾಕು" ಅಂದರು.

ಹಂತ 10: ಅಚ್ಚು

ಡಿಟಿಪಿ ಮಾಡಿಸುವಾಗ ಯೂನಿಕೋಡ್ ಕಡತವನ್ನೂ ಕೇಳಿ ಪಡೆಯಿರಿ. "ನುಡಿ" ಅನ್ನುವ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಫೋನು, ಕಂಪ್ಯೂಟರಿನಲ್ಲಿ ತೆರೆದಾಗ ಚಿತ್ರಲಿಪಿಯಾಗಿ ಕಾಣುತ್ತದೆ, ಹತ್ತು ವರ್ಷದ ಮೇಲೆ ಯಾರಿಗೂ ಉಪಯೋಗವಿಲ್ಲ. ಅಕ್ಷರ 14 ಪಾಯಿಂಟ್ ಇರಲಿ, ಓದುವವರಲ್ಲಿ ಅರ್ಧಕ್ಕರ್ಧ ವಯಸ್ಸಾದವರು. ಪುಟಗಳು 16ರ ಲೆಕ್ಕದಲ್ಲಿ ಬಂದರೆ ಕಾಗದ ದಂಡವಾಗುವುದಿಲ್ಲ: 48, 64, 80. ತಿಥಿಗೆ ಕನಿಷ್ಠ ಒಂದು ತಿಂಗಳು ಮೊದಲು ಪ್ರೆಸ್ಸಿಗೆ ಕೊಡಿ. ಕರಡನ್ನು ಇಬ್ಬರು ತಿದ್ದಲಿ, ಅವರಲ್ಲಿ ಒಬ್ಬರು ಎಪ್ಪತ್ತು ದಾಟಿದವರು. ಹೆಸರು, ಸಂಬಂಧ, ಊರಿನ ತಪ್ಪು ಅವರ ಕಣ್ಣಿಗೇ ಬೀಳುವುದು.

ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಬಿಡಿ. ಪುಸ್ತಕ ಹಂಚಿದ ಮೇಲೆಯೇ ನಿಜವಾದ ಫೋನುಗಳು ಬರುವುದು. ಒಂದು ಪ್ರತಿಯನ್ನು ತಿದ್ದುಪಡಿಗೆ ಅಂತ ಇಟ್ಟುಕೊಂಡು, ಬಂದದ್ದನ್ನೆಲ್ಲ ಪೆನ್ಸಿಲಿನಲ್ಲಿ ತಾರೀಖು ಹಾಕಿ ಬರೆಯಿರಿ. ನನ್ನ ಪ್ರತಿಯಲ್ಲಿ ಈಗ ಹನ್ನೊಂದು ತಿದ್ದುಪಡಿ ಇದೆ. ಮೊದಲನೆಯದು ಚಿಕ್ಕಜ್ಜಿಯದ್ದು, ತಿಥಿಯ ಮಾರನೇ ಬೆಳಿಗ್ಗೆ ಆರು ಗಂಟೆಗೆ. "ಅಕ್ಕನ ಜೊತೆ ತವರಿಂದ ಕಳ್ಸಿದ ದನದ ಹೆಸರು ಗೌರಿ ಅಂತ ಬರ್ದಿದೀಯಲೇ. ಗೌರಿ ಅದರ ಕರು. ದನ ಕೌಲಿ."